ಕೆಂಪು ಸೋಪು, ಡಾಂಬರು ಗುಳಿಗೆ, ಅಜ್ಜಿಯ ಸಾಣೆಕಲ್ಲು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಂಜೆ ಐದರ ಮೇಲೆ ಯಾವುದಾದರೊಂದು ದಿನಸಿ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಅರವತ್ತು ದಾಟಿದ ಗಿರಾಕಿ ಬರುತ್ತಾರೆ. ಕೈಯಲ್ಲಿ ಚೀಲ, ಮನಸ್ಸು ತೀರ್ಥಹಳ್ಳಿ ಬಸ್ಸಿನ ಮೇಲೆ. "ಒಂದು ಕೆಂಪು ಸೋಪು ಕೊಡ್ರೀ. ಹಳೇದು. ಆಸ್ಪತ್ರೆ ವಾಸನೆ ಬರ್ತಿತ್ತಲ್ಲ, ಅದು" ಅನ್ನುತ್ತಾರೆ. ಅಂಗಡಿಯವರು ಕೆಂಪು ಸೋಪು ಕೊಡುತ್ತಾರೆ. ಗಿರಾಕಿ ಅದನ್ನು ಮೂಗಿಗೆ ಹಿಡಿದು, ಒಂದು ಸಲ ಎಳೆದು ತಲೆ ಅಲ್ಲಾಡಿಸುತ್ತಾರೆ. "ಇದಲ್ಲ ಮಾರಾಯ್ರೆ. ಇದು ಸೆಂಟಿನ ವಾಸನೆ."

ತಪ್ಪು ಅಂಗಡಿಯವರದಲ್ಲ, ಗಿರಾಕಿಯ ಮೂಗಿನದೂ ಅಲ್ಲ. ಆ ವಾಸನೆಯೇ ಅಂಗಡಿ ಬಿಟ್ಟು ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಲೈಫ್‌ಬಾಯ್ ಅನ್ನುವ ಇಟ್ಟಿಗೆ ಬಣ್ಣದ ಸೋಪು ಹಿಂದೂಸ್ತಾನಕ್ಕೆ ಬಂದದ್ದು 1895ರಲ್ಲಿ. ಇಂಗ್ಲೆಂಡಿನ ಲಿವರ್ ಸೋದರರ ಸರಕು. ನೂರು ವರ್ಷಕ್ಕೂ ಮೇಲ್ಪಟ್ಟು ಅದು ಕಾರ್ಬಾಲಿಕ್ ಸೋಪಾಗಿಯೇ ಮಾರಾಟವಾಯಿತು. 2002ರಲ್ಲಿ ಕಂಪನಿಯವರು ಅದರ ಮೈಕಟ್ಟು, ವಾಸನೆ ಎರಡನ್ನೂ ಬದಲಾಯಿಸಿ ಟಾಯ್ಲೆಟ್ ಸೋಪು ಮಾಡಿದರು. ಹೆಸರು ಅದೇ, ಬಣ್ಣ ಹೆಚ್ಚೂಕಮ್ಮಿ ಅದೇ, ಆಸ್ಪತ್ರೆ ವಾಸನೆ ಮಾತ್ರ ಹೋಯಿತು.

ಆ ವಾಸನೆ ಬರೀ ಸೋಪಿನದಾಗಿರಲಿಲ್ಲ. ಹಂಡೆಯ ಬಿಸಿನೀರು, ಒಲೆಯ ಹೊಗೆ, ಕಲ್ಲು ಹಾಸಿದ ಬಚ್ಚಲು, ಕಣ್ಣಿಗೆ ನೊರೆ ಹೋಗಿ ಕಿರುಚುವ ಹುಡುಗ, "ಸುಮ್ನೆ ಕೂತ್ಕೋ" ಎಂದು ಬೆನ್ನಿಗೆ ಬೀಳುತ್ತಿದ್ದ ಪೆಟ್ಟು, ಎಲ್ಲಾ ಸೇರಿದ ವಾಸನೆ ಅದು. ಹೊಸ ಬಿಲ್ಲೆ ತಂದ ದಿನವೇ ದಾರ ಸುತ್ತಿ ಎರಡು ಹೋಳು ಮಾಡುತ್ತಿದ್ದರು. ಒಂದು ಗಂಡಸರ ಬಚ್ಚಲಿಗೆ, ಒಂದು ಕೈಕಾಲು ತೊಳೆಯುವ ಹಿತ್ತಲಿಗೆ. ಸವೆದು ಕಾಗದದಂತಾದ ಚೂರನ್ನೂ ಬಿಸಾಡುವುದಿಲ್ಲ, ಹೊಸ ಹೋಳಿನ ಬೆನ್ನಿಗೆ ಅಂಟಿಸುತ್ತಿದ್ದರು. ಬಟ್ಟೆಗೆ ಟಾಟಾ ಆಯಿಲ್ ಮಿಲ್ಸಿನ 501 ಬಾರ್ ಸೋಪು, ಅಂಗಡಿಯಲ್ಲೇ ಕತ್ತರಿಸಿ ಕೊಡುತ್ತಿದ್ದರು. ಮೈಸೂರು ಸ್ಯಾಂಡಲ್ ಸೋಪು ಮಾತ್ರ ಬೀರುವಿನೊಳಗೆ, ಸೀರೆಗಳ ನಡುವೆ. ಅಳಿಯ ಬಂದಾಗ ಹೊರಗೆ ಬರುತ್ತಿತ್ತು.

ಕರೀ ತಾಯಿಯ ಮಕ್ಕಳು

ಆ ಸೋಪಿನ ವಾಸನೆ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋದರೆ ಕೊನೆಗೆ ಸಿಗುವುದು ಕಲ್ಲಿದ್ದಲ ಡಾಂಬರು. ಕಲ್ಲಿದ್ದಲನ್ನು ಗಾಳಿಯಾಡದಂತೆ ಮುಚ್ಚಿ ಕಾಸಿದರೆ ದೀಪದ ಗ್ಯಾಸು ಬರುತ್ತದೆ, ಕೋಕ್ ಉಳಿಯುತ್ತದೆ, ನಡುವೆ ಕರೀ ರಾಡಿಯಂಥದ್ದು ಇಳಿಯುತ್ತದೆ. ಯುರೋಪಿನ ಗ್ಯಾಸ್ ಫ್ಯಾಕ್ಟರಿಗಳಿಗೆ ಮೊದಮೊದಲು ಅದನ್ನು ಎಲ್ಲಿ ಚೆಲ್ಲುವುದು ಅನ್ನುವುದೇ ತಲೆನೋವಾಗಿತ್ತು. 1834ರಲ್ಲಿ ರುಂಗೆ ಅನ್ನುವ ಜರ್ಮನ್ ರಸಾಯನಶಾಸ್ತ್ರಜ್ಞ ಅದರಿಂದ ಕಾರ್ಬಾಲಿಕ್ ಆಮ್ಲ ತೆಗೆದ. ಅದಕ್ಕೇ ಈಗ ಫಿನಾಲ್ ಅನ್ನುವುದು. ಮೂವತ್ತು ವರ್ಷದ ನಂತರ, 1865ರಲ್ಲಿ, ಗ್ಲಾಸ್ಗೋ ಆಸ್ಪತ್ರೆಗೆ ಗಾಡಿಚಕ್ರ ಹರಿದು ಕಾಲು ಮುರಿದ ಹನ್ನೊಂದು ವರ್ಷದ ಹುಡುಗ ಬಂದ. ಮೂಳೆ ಚರ್ಮ ಸೀಳಿ ಹೊರಬಂದಿತ್ತು. ಆ ಕಾಲದಲ್ಲಿ ಅಂಥ ಗಾಯ ಅಂದರೆ ಕೀವಾಗಿ ಕಾಲು ಕತ್ತರಿಸಬೇಕು, ಇಲ್ಲಾ ಪ್ರಾಣ ಹೋಗಬೇಕು. ಕೊಳಚೆಯ ನಾತ ಅಡಗಿಸಲು ಕಾರ್ಲೈಲ್ ಊರಿನವರು ಕಾರ್ಬಾಲಿಕ್ ಬಳಸುತ್ತಾರೆ ಎಂಬುದನ್ನು ಕೇಳಿಸಿಕೊಂಡಿದ್ದ ಡಾಕ್ಟರ್ ಜೋಸೆಫ್ ಲಿಸ್ಟರ್, ಅದರಲ್ಲೇ ಅದ್ದಿದ ಪಟ್ಟಿ ಕಟ್ಟಿದರು. ಹುಡುಗ ಆರು ವಾರಕ್ಕೆ ಎದ್ದು ನಡೆದ. ಅಲ್ಲಿಂದ ಶುರು, ಕಾರ್ಬಾಲಿಕ್ ವಾಸನೆ ಅಂದರೆ ಆಸ್ಪತ್ರೆ ವಾಸನೆ ಅಂತಾಯಿತು.

ಆ ಕರೀ ತಾಯಿಗೆ ಹುಟ್ಟಿದ ಮಕ್ಕಳು ಒಬ್ಬಿಬ್ಬರಲ್ಲ. ನೀರಿಗೆ ಹಾಕಿದ ಕೂಡಲೇ ಹಾಲಿನಂತೆ ಬೆಳ್ಳಗಾಗುವ ಕಪ್ಪು ಫಿನಾಯಿಲು ಅದರದೇ ಮಗು. ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಹಾಕುತ್ತಿದ್ದ ಬಿಳೀ ಗುಳಿಗೆಯೂ ಹಾಗೆಯೇ. ಕೆಲವರು ಅದನ್ನು ನುಸಿಗುಳಿಗೆ ಅನ್ನುತ್ತಾರೆ, ಕೆಲವರು ಡಾಂಬರು ಗುಳಿಗೆ ಅನ್ನುತ್ತಾರೆ. ಹುಟ್ಟು ಎಲ್ಲಿಯದು ಅಂತ ಹೆಸರೇ ಹೇಳುತ್ತದೆ. ಬಾಯಿ ಹುಣ್ಣಿಗೆ ಹಚ್ಚುತ್ತಿದ್ದ ನೀಲಿ ಔಷಧಿ ಡಾಂಬರಿನಿಂದ ಬಂದ ಬಣ್ಣಗಳ ಕುಲ. ಸೋಡಾ ಅಂಗಡಿಯ ಸ್ಯಾಕರಿನ್ನು 1879ರಲ್ಲಿ ಡಾಂಬರಿನ ಪ್ರಯೋಗ ಮಾಡುತ್ತಿದ್ದವನೊಬ್ಬನ ಬೆರಳಿಗೆ ಅಂಟಿ ಸಿಕ್ಕಿದ ಸಿಹಿ. ತಲೆನೋವಿನ ಆಸ್ಪಿರಿನ್ನಿನ ಮೂಲ ಸರಕೂ ಫಿನಾಲೇ. ಒಂದು ಕಾಲದಲ್ಲಿ ಮನೆಯ ಅರ್ಧ ಔಷಧಿ ಪೆಟ್ಟಿಗೆ ಅಜ್ಜಿಯದಾದರೆ, ಇನ್ನರ್ಧ ಈ ಡಾಂಬರಿನದು.

ಜಿಲ್ಲೆಯವರಿಗೆ ಇದು ಪೂರಾ ಹೊರಗಿನ ಕಥೆಯೂ ಅಲ್ಲ. ಭದ್ರಾವತಿಯ ಕಾರ್ಖಾನೆಗೆ 1918ರಲ್ಲಿ ಇಟ್ಟ ಹೆಸರಿನಲ್ಲೇ ಕಬ್ಬಿಣದ ಜೊತೆ ಮರ ಬಟ್ಟಿ ಇಳಿಸುವ ಕೆಲಸವೂ ಇತ್ತು. ಅಲ್ಲಿ ಕಲ್ಲಿದ್ದಲಿರಲಿಲ್ಲ, ಮಲೆನಾಡಿನ ಸೌದೆಯೇ ಇದ್ದಲಾಗುತ್ತಿತ್ತು. ಹಾಗಾಗಿ ಅಲ್ಲಿ ಇಳಿಯುತ್ತಿದ್ದದ್ದು ಮರದ ಡಾಂಬರು. ಸೋಪಿನ ಕಡೆ ಬಂದರೆ, ಬೆಂಗಳೂರಿನಲ್ಲಿ ಸರ್ಕಾರಿ ಸೋಪು ಕಾರ್ಖಾನೆ ಶುರುವಾದದ್ದು ನಾಲ್ವಡಿ ಕೃಷ್ಣರಾಜ ಒಡೆಯರು, ವಿಶ್ವೇಶ್ವರಯ್ಯನವರ ಕಾಲದಲ್ಲಿ. 1944ರಲ್ಲಿ ಶಿವಮೊಗ್ಗದಲ್ಲೂ ಗಂಧದೆಣ್ಣೆ ಕಾರ್ಖಾನೆಯಾಯಿತು. ಒಂದು ಕಡೆ ಗಂಧ, ಇನ್ನೊಂದು ಕಡೆ ಡಾಂಬರು.

ಇಷ್ಟಾದರೂ ಡಾಂಬರನ್ನು ಮರೆಗೆ ಸರಿಸಿದ್ದು ಸುಮ್ಮನೆ ಅಲ್ಲ. ಚಿಮಣಿ ಗುಡಿಸುವ ಹುಡುಗರಿಗೆ ಮಸಿಯಿಂದ ಕ್ಯಾನ್ಸರ್ ಬರುತ್ತದೆ ಅಂತ ಲಂಡನ್ನಿನ ಡಾಕ್ಟರ್ ಪಾಟ್ 1775ರಷ್ಟು ಹಿಂದೆಯೇ ಬರೆದಿದ್ದರು. 1915ರಲ್ಲಿ ಜಪಾನಿನ ಯಮಗಿವಾ, ಇಚಿಕಾವಾ ಎಂಬಿಬ್ಬರು ಮೊಲದ ಕಿವಿಗೆ ತಿಂಗಳುಗಟ್ಟಲೆ ಡಾಂಬರು ಹಚ್ಚಿ ಕ್ಯಾನ್ಸರ್ ತರಿಸಿ ತೋರಿಸಿದರು. ಯುರೋಪಿನವರು ಸೌಂದರ್ಯ ಸಾಮಗ್ರಿಗಳಿಂದ ಅದನ್ನು ಹೊರಗೆ ಹಾಕಿದ್ದಾರೆ. ಇಂಗ್ಲೆಂಡಿನ ಹಳೇ ಹೆಸರುವಾಸಿ ರೈಟ್ಸ್ ಕೋಲ್ ಟಾರ್ ಸೋಪಿನಲ್ಲಿ ಈಗ ಕೋಲ್ ಟಾರೇ ಇಲ್ಲ! ಆದರೆ ಡಾಂಬರಿನ ಪಾಲಿಗೆ ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ಸೋರಿಯಾಸಿಸ್ ಅನ್ನುವ ಚರ್ಮರೋಗಕ್ಕೆ, ಬಿಡದ ತಲೆಹೊಟ್ಟಿಗೆ ಡಾಕ್ಟರರು ಇವತ್ತಿಗೂ ಅದನ್ನು ಬರೆದು ಕೊಡುತ್ತಾರೆ. ಲೆಕ್ಕ ಇಟ್ಟು, ಹೇಳಿದಷ್ಟು ದಿನ ಮಾತ್ರ.

ಗ್ರಂಧಿಗೆ ಅಂಗಡಿ ಮುಂದೆ

ಇನ್ನರ್ಧ ಪೆಟ್ಟಿಗೆಗೆ ಬರೋಣ. ಅದರ ಸಾಮಾನೆಲ್ಲ ಸಿಗುತ್ತಿದ್ದದ್ದು ಗ್ರಂಧಿಗೆ ಅಂಗಡಿಯಲ್ಲಿ. ಗೋಡೆ ತುಂಬ ಸಣ್ಣ ಸಣ್ಣ ಡ್ರಾಯರು, ಒಂದಕ್ಕೂ ಚೀಟಿ ಇಲ್ಲ. ಅಂಗಡಿಯವರ ಕೈಗೇ ಕಣ್ಣು. ಬಾಣಂತಿ ಸಾಮಾನು ಅಂದರೆ ಸಾಕು, ಕಾಗದದ ಪೊಟ್ಟಣಗಳು ಸಾಲಾಗಿ ಇಳಿಯುತ್ತಿದ್ದವು. ಬಜೆ, ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿ, ಒಣಶುಂಠಿ, ಹಿಪ್ಪಲಿ, ಓಮ, ಅತಿಮಧುರ. ಮನೆಯಲ್ಲಿ ಸಾಣೆಕಲ್ಲು. ಒಂದೊಂದನ್ನು ಎರಡೆರಡು ಸುತ್ತು ತೇಯ್ದು, ಎದೆಹಾಲಿನಲ್ಲಿ ಕಲಸಿ, ಕೂಸಿನ ನಾಲಿಗೆಗೆ ನೆಕ್ಕಿಸುವುದು. ಕೂಸಿನ ಕೈಗೆ ಬಜೆಯ ಬಳೆ ಬೇರೆ.

ಭಾನುವಾರ ಬಂತೆಂದರೆ ದೊಡ್ಡ ಮಕ್ಕಳಿಗೆ ಗಂಡಾಂತರ. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಬೆಳಿಗ್ಗೆ ಬರೀ ಹೊಟ್ಟೆಗೆ ಹರಳೆಣ್ಣೆ. ಮೂಗು ಹಿಡಿದು, ಕಾಫಿಯ ಆಸೆ ತೋರಿಸಿ, ಕೊನೆಗೆ ಇಬ್ಬರು ಹಿಡಿದುಕೊಂಡು ಕುಡಿಸುವುದು. ಮಧ್ಯಾಹ್ನ ತಿಳಿಸಾರು ಅನ್ನ. ಮಿಕ್ಕ ವಾರಗಳಲ್ಲಿ ಎಣ್ಣೆಸ್ನಾನ. ತಲೆಗೆ ಸೀಗೇಕಾಯಿ, ಮೈಗೆ ಕಡಲೆಹಿಟ್ಟು. ಮಲೆನಾಡಿನ ಒಳಗಾದರೆ ಮತ್ತಿಸೊಪ್ಪು, ದಾಸವಾಳದ ಸೊಪ್ಪು ಕಿವುಚಿದ ಲೋಳೆ. ಸೀಗೇಕಾಯಿ, ಅಂಟುವಾಳ ನೊರೆ ಕೊಡುವುದು ಅದರೊಳಗೇ ಇರುವ ಸ್ಯಾಪೊನಿನ್ ಎಂಬ ಪದಾರ್ಥದಿಂದ. ಅಂದರೆ ಗಿಡದಲ್ಲೇ ಬೆಳೆದ ಸೋಪು.

ಮಳೆಗಾಲ ಬಂದರೆ ಬೇರೆಯದೇ ಪಟ್ಟಿ. ಉಂಬಳಕ್ಕೆ ಹೊಗೆಸೊಪ್ಪು, ಸುಣ್ಣ. ನೆಗಡಿಗೆ ಕಾಳುಮೆಣಸು, ಕೊತ್ತಂಬರಿ, ಜೀರಿಗೆಯ ಕಷಾಯ. ಕೆಮ್ಮಿಗೆ ಬಾಡಿಸಿ ಹಿಂಡಿದ ದೊಡ್ಡಪತ್ರೆ ರಸ. ಸ್ಕೂಲಿನಿಂದ ತಂದ ಕಜ್ಜಿಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಗಂಧಕ. ಬೆರಳು ಕೊಯ್ದರೆ ಅರಿಶಿನ. ಹೊಟ್ಟೆನೋವಿಗೆ ಓಮ. ಎದೆ ಕಟ್ಟಿದರೆ ಬಿಸಿ ಎಣ್ಣೆಯಲ್ಲಿ ಕರಗಿಸಿದ ಕರ್ಪೂರ. ಎಲ್ಲದರ ಮೇಲೆ, 1893ರಲ್ಲಿ ಹುಟ್ಟಿ ಇನ್ನೂ ಮುದಿಯಾಗದ ಅಮೃತಾಂಜನ.

ಯಾವುದು ಇರಲಿ, ಯಾವುದು ಹೋಗಲಿ

ಈಗ ತಕರಾರು ಎಲ್ಲಿದೆ ಅಂದರೆ, ಊರಲ್ಲಿ ಎರಡು ಪಂಗಡ. ಒಂದಕ್ಕೆ ಅಜ್ಜಿ ಮಾಡಿದ್ದೆಲ್ಲ ಅಮೃತ. ಇನ್ನೊಂದಕ್ಕೆ ಅಜ್ಜಿ ಮಾಡಿದ್ದೆಲ್ಲ ಮೂಢನಂಬಿಕೆ. ಎರಡೂ ಅರ್ಧ ಸುಳ್ಳು.

ಅರಿಶಿನವನ್ನೇ ನೋಡಿ. 1995ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾನಿಲಯ, ಗಾಯ ಮಾಯಿಸಲು ಅರಿಶಿನ ಹಚ್ಚುವುದು ತಾನು ಕಂಡುಹಿಡಿದದ್ದು ಅಂತ ಪೇಟೆಂಟ್ ಬರೆಸಿಕೊಂಡಿತ್ತು. ಭಾರತದ ವೈಜ್ಞಾನಿಕ ಮಂಡಳಿ ಹಳೇ ಗ್ರಂಥ, ಹಳೇ ಪತ್ರಿಕೆಗಳನ್ನು ಮುಂದಿಟ್ಟು ವಾದಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಅಡುಗೆಮನೆಯ ಡಬ್ಬಿ ಗೆದ್ದ ಮೊಕದ್ದಮೆ ಅದು. ಕಜ್ಜಿಗೆ ಗಂಧಕದ ಮುಲಾಮು ಚರ್ಮದ ಡಾಕ್ಟರರ ಪುಸ್ತಕದಲ್ಲೂ ಇದೆ. ಒಂದು ವರ್ಷ ದಾಟಿದ ಮಗುವಿನ ಕೆಮ್ಮಿಗೆ ಜೇನುತುಪ್ಪ ಒಳ್ಳೆಯದೇ.

ವಾಂತಿಭೇದಿಗೆ ಉಪ್ಪು ಬೆರೆಸಿದ ಗಂಜಿ ತಿಳಿ ಕೊಡುತ್ತಿದ್ದ ಅಜ್ಜಿಯ ಲೆಕ್ಕ ಎಷ್ಟು ಸರಿ ಅನ್ನುವುದಕ್ಕೆ 1971ರ ಸಾಕ್ಷಿ ಇದೆ. ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ರಕ್ತನಾಳಕ್ಕೆ ಕೊಡುವ ಬಾಟಲಿ ಮುಗಿದಾಗ, ಕಲ್ಕತ್ತದ ಡಾಕ್ಟರ್ ದಿಲೀಪ್ ಮಹಲನೊಬಿಸ್ ಸಕ್ಕರೆ, ಉಪ್ಪು, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಪೊಟ್ಟಣ ಸಿಗದಿದ್ದರೆ ಈಗಲೂ ಲೆಕ್ಕ ಸುಲಭ. ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. "ಭೇದಿಯಾಗ್ತಿದೆ, ನೀರು ಕೊಡಬೇಡಿ" ಅನ್ನುವವರ ಮಾತು ಮಾತ್ರ ಕಿವಿಗೆ ಹಾಕಿಕೊಳ್ಳಬಾರದು.

ಇನ್ನು ಹೋಗಬೇಕಾದ್ದು. ಮೊದಲು ಕೂಸಿನ ಬಾಯಿಗೆ ಹೋಗುವ ಎಲ್ಲ. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಅನ್ನುವುದು ಮಕ್ಕಳ ಡಾಕ್ಟರರೆಲ್ಲರ ಒಂದೇ ಮಾತು. ಬಜೆಯಲ್ಲಿರುವ ಒಂದು ಪದಾರ್ಥ ಇಲಿಗಳಲ್ಲಿ ಗಡ್ಡೆ ತಂದದ್ದರಿಂದ ಅಮೆರಿಕದವರು 1968ರಲ್ಲೇ ಅದನ್ನು ಆಹಾರಕ್ಕೆ ಬೆರೆಸುವುದನ್ನು ನಿಷೇಧಿಸಿದರು. ಬಳೆ ಮಾಡಿ ಹಾಕಿದರೂ ಕೂಸು ಕೈ ಚೀಪದೆ ಇರುತ್ತದೆಯೇ? ಒಂದು ವರ್ಷದೊಳಗಿನ ಮಗುವಿಗೆ ಜೇನು ಕೂಡದು, ಅದರಲ್ಲಿರಬಹುದಾದ ಒಂದು ಜಾತಿ ರೋಗಾಣು ಕೂಸಿನ ಮೈಯನ್ನೇ ಸೋಲಿಸಿಬಿಡುತ್ತದೆ. ಗ್ರೈಪ್ ವಾಟರ್ ಕುಡಿದು ಕೂಸು ಗಪ್‌ಚಿಪ್ ಮಲಗುತ್ತಿದ್ದ ಗುಟ್ಟೇನು ಗೊತ್ತೇ? ಇಂಗ್ಲೆಂಡಿನ ಹಳೇ ಪಾಕದಲ್ಲಿ ಮದ್ಯಸಾರ ಇತ್ತು, ಅಲ್ಲಿ ಅದನ್ನು ತೆಗೆದದ್ದು 1992ರಲ್ಲಿ. ಕರ್ಪೂರ ಹೊಟ್ಟೆಗೆ ಹೋದರೆ ಸಣ್ಣ ಮಕ್ಕಳಿಗೆ ಅಪಸ್ಮಾರ ಬರಬಹುದು, ಎರಡು ವರ್ಷದೊಳಗಿನವರಿಗೆ ಎದೆಗೆ ಉಜ್ಜುವುದೂ ಬೇಡ.

ಕಣ್ಣಿಗೆ ಅಂಗಡಿಯ ಸುರ್ಮಾ ಬೇಡ, ಅದರಲ್ಲಿ ಸೀಸ ಇರುವುದುಂಟು. ಹೇನಿಗೆ ಸೀತಾಫಲದ ಬೀಜ ಅರೆದು ಹಚ್ಚುವವರು ನೆನಪಿಡಬೇಕು, ಅದು ಹೇನನ್ನೂ ಕೊಲ್ಲುತ್ತದೆ, ಕಣ್ಣಿಗೆ ಹಾರಿದರೆ ಕಣ್ಣನ್ನೂ ಸುಡುತ್ತದೆ. ಸುಟ್ಟ ಗಾಯಕ್ಕೆ ಶಾಯಿ, ಬೆಣ್ಣೆ, ಟೂತ್‌ಪೇಸ್ಟು ಬೇಡ, ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಬಿಟ್ಟರೆ ಸಾಕು. ಇನ್ನು ಕಾಮಾಲೆಗೆ, ಕೂಸಿನ ಸೆಳೆತಕ್ಕೆ ಬರೆ ಹಾಕುವುದಿದೆಯಲ್ಲ, ಅದು ಔಷಧಿಯೇ ಅಲ್ಲ, ಹಿಂಸೆ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತು ಡಾಂಬರು ಗುಳಿಗೆಯದು. ಮೊದಲ ಮಗುವಿನ ಅಂಗಿ, ಕುಲಾವಿ, ಹಚ್ಚಡಗಳನ್ನು ಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟು, ಎರಡನೇ ಮಗುವಿಗೆ ಹಾಗೇ ತೆಗೆದು ಹಾಕುವುದು ಎಲ್ಲ ಮನೆಯ ರೂಢಿ. ಕೆಲವು ಮಕ್ಕಳ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ ಇರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅಂಥ ಕೂಸಿಗೆ ಆ ಬಟ್ಟೆಯ ನ್ಯಾಫ್ತಲೀನ್ ಆವಿ ಸಾಕು, ರಕ್ತಕಣ ಒಡೆದು ಕಾಮಾಲೆ ಏರುತ್ತದೆ. ತಲೆಗೇರಿದರೆ ಮಗು ಕೈಗೆ ಸಿಗುವುದು ಕಷ್ಟ. ಕೂಸಿನ ಬಟ್ಟೆಗೆ ಗುಳಿಗೆ ಹಾಕಲೇಬೇಡಿ. ಒಣಗಿದ ಬೇವಿನೆಲೆ ಸಾಕು. ಮಾರುವ ಅಂಗಡಿಯವರೂ ಬಾಣಂತಿ ಮನೆಯವರು ಕೇಳಿದರೆ ಒಂದು ಮಾತು ಹೇಳಿ ಕೊಡಬಹುದು. ಅದಕ್ಕೆ ಖರ್ಚೇನೂ ಇಲ್ಲ.

ಅಂಗಡಿಯವರಿಗೆ ಕಾನೂನಿನ ಮಾತೂ ಇದೆ. ಕೆಲವು ಮನೆ ಔಷಧಿಗಳನ್ನು ಲೈಸೆನ್ಸ್ ಇಲ್ಲದೆ ಮಾರಲು ರಿಯಾಯಿತಿ ಇರುವುದು ಜನಸಂಖ್ಯೆ ಸಾವಿರ ಮೀರದ ಹಳ್ಳಿಗಳಿಗೆ ಮಾತ್ರ. ಪೇಟೆಯ ಬೀಡಿ ಅಂಗಡಿಗೆ ಅದು ಅನ್ವಯಿಸದು. ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡ್ತೀವಿ ಅಂತ ಬೋರ್ಡು ಹಾಕುವುದಕ್ಕೆ 1954ರ ಕಾಯಿದೆಯೇ ಅಡ್ಡ ಇದೆ. ಬಸ್ ಸ್ಟ್ಯಾಂಡಿನ ಗೋಡೆಗಳನ್ನು ನೋಡಿದರೆ ಆ ಕಾಯಿದೆ ಯಾರಿಗೂ ನೆನಪಿದ್ದಂತಿಲ್ಲ.

ಸೋಪೇ ಔಷಧಿ

ಕೊನೆಗೆ ಮತ್ತೆ ಸೋಪಿಗೆ. ವಾಸನೆ ಹೋದ ಮೇಲೆ ಗುಣವೂ ಹೋಯಿತೇ? ಹಳಬರ ಅನುಮಾನ ಇದೇ. ಉತ್ತರ ಕೇಳಿದರೆ ಆಶ್ಚರ್ಯವಾಗುತ್ತದೆ. 2016ರಲ್ಲಿ ಅಮೆರಿಕ ಸರ್ಕಾರದ ಔಷಧ ಇಲಾಖೆ, ರೋಗಾಣು ಕೊಲ್ಲುವ ಸೋಪುಗಳಲ್ಲಿದ್ದ ಟ್ರೈಕ್ಲೋಸಾನ್ ಸೇರಿ 19 ಪದಾರ್ಥಗಳನ್ನು ಹೊರಗೆ ಹಾಕಿತು. ಸಾದಾ ಸೋಪು ನೀರಿಗಿಂತ ಇವು ಹೆಚ್ಚು ಎಂಬುದಕ್ಕೆ ಕಂಪನಿಗಳು ಆಧಾರ ತೋರಿಸಲಿಲ್ಲ. ಅಂದರೆ ಹಳೇ ಕೆಂಪು ಸೋಪಿನಲ್ಲೂ ಹೆಚ್ಚಿನ ಕೆಲಸ ಮಾಡಿದ್ದು ಸೋಪೇ. ಸೋಪಿನ ಕಣದ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಜಿಡ್ಡನ್ನು. ಎಷ್ಟೋ ವೈರಸ್ಸುಗಳ ಹೊರಕವಚ ಕೊಬ್ಬಿನದು, ಸೋಪು ಅದನ್ನೇ ಹರಿದು ಹಾಕುತ್ತದೆ. 2020ರ ಕೊರೋನಾದಲ್ಲಿ ಜಗತ್ತೆಲ್ಲ ಕೈ ತೊಳೆದದ್ದು ಇದೇ ಕಾರಣಕ್ಕೆ.

ಹುಚ್ಚುನಾಯಿ ರೋಗದ ವೈರಸ್ಸಿಗೂ ಅದೇ ಕವಚ. ಇಲ್ಲಿ ಸೋಪು ಪ್ರಾಣದ ಮಾತು. ನಾಯಿ ಕಚ್ಚಿದ ಜಾಗಕ್ಕೆ ಖಾರದಪುಡಿ, ಸುಣ್ಣ, ಕಾಫಿಪುಡಿ ಮೆತ್ತುವುದನ್ನು ಇವತ್ತಿಗೂ ಕಾಣಬಹುದು. ಒಂದನ್ನೂ ಹಾಕಬಾರದು. ಹರಿಯುವ ನೀರು, ಸೋಪು, ಹದಿನೈದು ನಿಮಿಷ. ಗಡಿಯಾರ ನೋಡಿಕೊಂಡು ತೊಳೆಯಬೇಕು. ಆಮೇಲೆ ತಡಮಾಡದೆ ಆಸ್ಪತ್ರೆಗೆ. ಬರೀ ತೊಳೆದರೆ ಸಾಲದು, ಲಸಿಕೆ ಬೇಕೇ ಬೇಕು, ಗಾಯ ಆಳವಾಗಿದ್ದರೆ ಅದರೊಳಗೇ ಕೊಡುವ ಇನ್ನೊಂದು ಚುಚ್ಚುಮದ್ದೂ ಬೇಕು. ರೋಗದ ಲಕ್ಷಣ ಕಾಣಿಸಿದ ಮೇಲೆ ಉಳಿಯುವವರು ಇಲ್ಲ ಅಂದರೂ ಆದೀತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಭಯ ಇನ್ನೂ ಕೆಲವರಿಗಿದೆ. ಆ ಹಳೇ ಲಸಿಕೆ ತಯಾರಿಸುವುದೇ ಈ ದೇಶದಲ್ಲಿ 2004ಕ್ಕೆ ನಿಂತಿತು. ಈಗ ತೋಳಿಗೆ, ಅದೂ ಕೆಲವೇ ಸಲ.

ಮಲೆನಾಡಿನವರಿಗೆ ಇನ್ನೊಂದು ಕಾರಣವೂ ಇದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಹರಡುವುದು ಉಣ್ಣೆಹುಳದಿಂದ. ದರಗು ತರಲು, ದನ ಅಟ್ಟಲು ಕಾಡಿಗೆ ಹೋಗುವವರು ಆರೋಗ್ಯ ಇಲಾಖೆಯ ಎಣ್ಣೆ ಹಚ್ಚಿಕೊಂಡು ಹೋಗಬೇಕು, ಬಂದವರು ಬಟ್ಟೆ ಬದಲಿಸಿ ಬಿಸಿನೀರು, ಸೋಪಿನಲ್ಲಿ ಮೈ ಉಜ್ಜಿ ಸ್ನಾನ ಮಾಡಬೇಕು. "ಕಾಡಿಂದ ಬಂದವ್ನು ಸ್ನಾನ ಮಾಡ್ದೆ ಒಳಗೆ ಬರ್ಬೇಡ" ಅಂತ ಬಾಗಿಲಲ್ಲೇ ತಡೆಯುತ್ತಿದ್ದ ಅಜ್ಜಿಗೆ ಉಣ್ಣೆಯ ವಿಷಯ ಗೊತ್ತಿತ್ತೋ ಇಲ್ಲವೋ, ಕೆಲಸ ಮಾತ್ರ ಸರಿಯಾಗಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಣ್ಣ ಲೆಕ್ಕ. ಊರಿನ ಹೋಟೆಲು, ಸ್ಕೂಲು, ಬಸ್ ಸ್ಟ್ಯಾಂಡು, ಕ್ಷೌರದಂಗಡಿ, ಎಲ್ಲೆಲ್ಲಿ ನಲ್ಲಿ ಇದೆಯೋ ಅಲ್ಲೆಲ್ಲ ಹೋಗಿ ನೋಡಿ. ನಲ್ಲಿಯ ಪಕ್ಕ ಸೋಪು ಇರುವುದು ಎಷ್ಟು ಕಡೆ? ಇಟ್ಟರೆ ಕದ್ದೊಯ್ಯುತ್ತಾರೆ ಅನ್ನುವುದು ಸಿದ್ಧ ಉತ್ತರ. ಹಳಬರು ಅದಕ್ಕೂ ಉಪಾಯ ಮಾಡಿದ್ದರು. ಬಿಲ್ಲೆಗೆ ತೂತು ಕೊರೆದು, ದಾರ ಪೋಣಿಸಿ, ನಲ್ಲಿಗೆ ಕಟ್ಟುತ್ತಿದ್ದರು. ಇಡೀ ಬಿಲ್ಲೆಯೇ ಬೇಕೆಂದಿಲ್ಲ. ದಾರ ಸುತ್ತಿ ಎರಡು ಹೋಳು ಮಾಡಿ, ಒಂದು ಮನೆಗೆ, ಒಂದು ಅಂಗಡಿ ಮುಂದಿನ ನಲ್ಲಿಗೆ.

ಗಾಂಧಿ ಬಜಾರಿನ ಆ ಗಿರಾಕಿ ಏನು ಮಾಡಿದರು ಅಂತೀರಾ? ವಾಸನೆ ಸರಿಯಿಲ್ಲ ಅಂತ ಗೊಣಗುತ್ತಲೇ ಎರಡು ಬಿಲ್ಲೆ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಓಡಿದರು.